ದೊಡ್ಡ ಟೈರು ಹಾಕಿಸುವ ಮುನ್ನ ಆಕ್ಸಲ್ ನೋಡಿ

ಭಾನುವಾರ ಬೆಳಗಿನ ಜಾವ ಕೆ.ಆರ್.ಪುರದ ತೂಗುಸೇತುವೆ ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು ಕೋಲಾರದ ಕಡೆ ಹೊರಡುವ ಥಾರ್, ಜಿಪ್ಸಿ, ಹಳೆಯ ಜೀಪುಗಳನ್ನು ಗಮನಿಸಿ. ಹಲವಕ್ಕೆ ಕಂಪನಿ ಕೊಟ್ಟದ್ದಕ್ಕಿಂತ ಎತ್ತರದ ಬಟನ್ ಟೈರು ಇರುತ್ತದೆ. ಹೊಸದಾಗಿ ಗಾಡಿ ಕೊಂಡವರು ನನ್ನನ್ನು ಕೇಳುವುದೂ ಅದನ್ನೇ: ‘ಸಾರ್, ನನ್ನ ಗಾಡಿಗೆ 31 ಇಂಚಿನ ಟೈರು ಕೂರುತ್ತಾ?’ ಸ್ಪ್ರಿಂಗ್ ಸ್ವಲ್ಪ ಎತ್ತರಿಸಿ, ಮಡ್‌ಗಾರ್ಡ್ ಸ್ವಲ್ಪ ಕತ್ತರಿಸಿದರೆ ಕೂರುತ್ತದೆ. ಆಕ್ಸಲ್ ಅದನ್ನು ತಾಳುತ್ತದೆಯೇ ಎಂದು ಕೇಳುವವರು ಮಾತ್ರ ಬಹಳ ಕಡಿಮೆ.

ಸ್ನೇಹಿತರೊಬ್ಬರ ಹಳೆಯ ಜಿಪ್ಸಿಯ ಹಿಂದಿನ ಆಕ್ಸಲ್ ಶಾಫ್ಟ್ ಹೊಸಕೋಟೆ ಆಚೆಯ ಒಂದು ಕೈಬಿಟ್ಟ ಕಲ್ಲುಕ್ವಾರಿಯಲ್ಲಿ ತುಂಡಾದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ದೊಡ್ಡ ಸದ್ದೇನೂ ಬರಲಿಲ್ಲ, ‘ಟಕ್’ ಅಂದಿತು ಅಷ್ಟೇ. ಮರುಕ್ಷಣ ಬಲಗಾಲಿ ವಾಲಿ, ಶಾಫ್ಟಿನ ತುಂಡಿನ ಸಮೇತ ಒಂದು ಗೇಣು ಹೊರಗೆ ಬಂದು ನಿಂತಿತು. ತುಂಡನ್ನು ಒರೆಸಿ ಬೆಳಕಿಗೆ ಹಿಡಿದೆವು. ಮುರಿದ ಮುಖದ ಮುಕ್ಕಾಲು ಪಾಲು ಕಪ್ಪಾಗಿ, ನಯವಾಗಿ, ಅಲೆ ಅಲೆಯಾದ ಗೆರೆಗಳಿಂದ ಕೂಡಿತ್ತು. ಉಳಿದ ಕಾಲು ಪಾಲು ಮಾತ್ರ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಆ ದಿನ ಮುರಿದದ್ದು ಹೊಳೆಯುತ್ತಿದ್ದ ಕಾಲು ಪಾಲು. ಕಪ್ಪಾದ ಮುಕ್ಕಾಲು ಪಾಲು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿರುಕು ಬಿಡುತ್ತಾ ಬಂದಿತ್ತು. ಎತ್ತರದ ಟೈರು ಹಾಕಿಸಿದ ದಿನದಿಂದಲೇ ಅದು ಶುರುವಾಗಿತ್ತು ಎಂಬುದು ನನ್ನ ಅಂದಾಜು. ಅದೇ ಗಾಡಿ ಹಿಂದಿನ ಸಂಜೆ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿತ್ತು. ಅದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ ಎನ್ನುತ್ತದೆ.

ಈ ಗಾಡಿಗಳಿಗೂ ದಂಡಿನ ಬೆಂಗಳೂರಿಗೂ ನಂಟು ಹಳೆಯದು. ಮಹೀಂದ್ರ ಕಂಪನಿ ವಿಲ್ಲಿಸ್ ಜೀಪು ಜೋಡಿಸತೊಡಗಿದ್ದು 1947ರಲ್ಲಿ, ಮಾರುತಿ ಜಿಪ್ಸಿ ಬಂದದ್ದು 1985ರಲ್ಲಿ. ಎರಡನ್ನೂ ಸೇನೆ ಹೆಚ್ಚಾಗಿ ಬಳಸಿತು. ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ, 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಸೇನೆ ಮಾರಿದ ಡಿಸ್ಪೋಸಲ್ ಗಾಡಿ ಕೊಂಡು ರಿಪೇರಿ ಮಾಡಿ ಓಡಿಸುವ ಹವ್ಯಾಸ, ಶಿವಾಜಿನಗರದ ಗುಜರಿಯಲ್ಲಿ ಬಿಡಿಭಾಗ ಹುಡುಕುವ ಅಭ್ಯಾಸ ಈ ಭಾಗದವರಿಗೆ ಹೊಸದಲ್ಲ.

ಟೈರು ಬೆಳೆದರೆ ಆಕ್ಸಲ್‌ಗೆ ಏನಾಗುತ್ತದೆ?

ಬಿಗಿಯಾದ ನಟ್ಟಿಗೆ ಪಾನಾ ಹಾಕಿ, ಅದರ ಹಿಡಿಗೆ ಉದ್ದದ ಪೈಪು ತೂರಿಸಿ ಎಳೆದವರಿಗೆ ಈ ವಿಷಯ ಆಗಲೇ ಗೊತ್ತು. ಪೈಪು ಉದ್ದವಾದಷ್ಟೂ ಅದೇ ಕೈಬಲಕ್ಕೆ ನಟ್ಟಿನ ಮೇಲೆ ಹೆಚ್ಚು ತಿರುಚು ಬೀಳುತ್ತದೆ. ಟೈರಿನ ತ್ರಿಜ್ಯವೇ ಆ ಪೈಪು, ಆಕ್ಸಲ್ ಶಾಫ್ಟೇ ಆ ನಟ್ಟು. ನೆಲ ಟೈರನ್ನು ಹಿಡಿದು ನಿಲ್ಲಿಸುವ ಬಲ ಅಷ್ಟೇ ಇದ್ದರೂ, ತ್ರಿಜ್ಯ ಹೆಚ್ಚಿದಷ್ಟೂ ಶಾಫ್ಟನ್ನು ತಿರುಚುವ ಬಲ ಹೆಚ್ಚುತ್ತದೆ.

ಜಿಪ್ಸಿಯ 205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿ.ಮೀ. 31×10.5 ಆರ್ 15 ಟೈರಿನದು ಸುಮಾರು 787 ಮಿ.ಮೀ. ಅಂದರೆ ಶೇ. 18ರಷ್ಟು ಹೆಚ್ಚು. ಜನ, ಸಾಮಾನು ತುಂಬಿದ ಗಾಡಿಯ ಹಿಂದಿನ ಆಕ್ಸಲ್ ಮೇಲೆ 700 ಕಿಲೋ ಭಾರವಿದೆ, ಒಣ ಬಂಡೆಯ ಮೇಲೆ ಟೈರಿನ ಹಿಡಿತದ ಗುಣಾಂಕ 0.8 ಎಂದಿಟ್ಟುಕೊಳ್ಳಿ. ಮೂಲ ಟೈರಿನಲ್ಲಿ ಹಿಂದಿನ ಆಕ್ಸಲ್ ಒಟ್ಟು 1,835 ನ್ಯೂಟನ್ ಮೀಟರಿನಷ್ಟು ತಿರುಚು ತಾಳಬೇಕು, ದೊಡ್ಡ ಟೈರಿನಲ್ಲಿ 2,165. ಸಾಮಾನ್ಯ ಡಿಫರೆನ್ಷಿಯಲ್ ಇದನ್ನು ಎರಡೂ ಶಾಫ್ಟಿಗೆ ಸಮನಾಗಿ ಹಂಚುತ್ತದೆ. ಹಾಗಾಗಿ ಒಂದು ಶಾಫ್ಟಿಗೆ ಮೊದಲು ಸುಮಾರು 918 ಬೀಳುತ್ತಿತ್ತು, ಈಗ 1,082 ಬೀಳುತ್ತದೆ.

ಎರಡೂ ಶಾಫ್ಟನ್ನು ಒಂದಾಗಿ ತಿರುಗುವಂತೆ ಬಿಗಿಯುವ ಲಾಕರ್ ಹಾಕಿಸಿದಿರೋ, ಲೆಕ್ಕ ಪೂರ್ತಿ ಬದಲಾಗುತ್ತದೆ. ಒಂದು ಗಾಲಿ ಗಾಳಿಯಲ್ಲಿ ತೇಲಿದಾಗ ಭಾರವೂ ತಿರುಚೂ ಇನ್ನೊಂದರ ಪಾಲಿಗೆ ಬೀಳುತ್ತವೆ. ಆಗ 2,165 ಅಷ್ಟನ್ನೂ ಒಂದೇ ಶಾಫ್ಟ್ ಹೊರಬೇಕು. 918 ಹೊರುತ್ತಿದ್ದ ಸರಳಿಗೆ ಇದು ಎರಡೂಕಾಲು ಪಟ್ಟಿಗಿಂತ ಹೆಚ್ಚಿನ ಹೊರೆ. ದೊಡ್ಡ ಟೈರು ಒಂದೇ ಆದರೆ ಹಲವು ಆಕ್ಸಲ್‌ಗಳು ಹೇಗೋ ಸಹಿಸಿಕೊಳ್ಳುತ್ತವೆ. ದೊಡ್ಡ ಟೈರು, ಲಾಕರ್ ಎರಡನ್ನೂ ಒಟ್ಟಿಗೆ ಹಾಕಿಸಿದಾಗಲೇ ಶಾಫ್ಟುಗಳು ಹೆಚ್ಚಾಗಿ ತುಂಡಾಗುವುದು.

‘ನನ್ನದು ಚಿಕ್ಕ ಎಂಜಿನ್, ಅಷ್ಟು ಬಲ ಎಲ್ಲಿಂದ ಬರಬೇಕು?’ ಎನ್ನುವವರಿದ್ದಾರೆ. ದುಂಡು ಸಂಖ್ಯೆಯಲ್ಲೇ ನೋಡಿ. ಎಂಜಿನ್ನಿನ 100 ನ್ಯೂಟನ್ ಮೀಟರನ್ನು ಮೊದಲ ಗೇರಿನ 3.5, ಲೋ ರೇಂಜಿನ 2.3, ಕ್ರೌನ್-ಪಿನಿಯನ್ನಿನ 4ರಿಂದ ಗುಣಿಸಿದರೆ 3,220 ಆಯಿತು. ಇದು ಮುಂದೂ ಹಿಂದೂ ಹಂಚಿಹೋಗುವ ಬಲ ನಿಜ. ಆದರೆ ಏರಿನಲ್ಲಿ ಮುಂದಿನ ಗಾಲಿಗಳು ಹಿಡಿತ ಬಿಟ್ಟರೆ ಬಹುಪಾಲು ಹಿಂದಕ್ಕೇ ಬರುತ್ತದೆ. ಲೋ ರೇಂಜಿನಲ್ಲಿ ಚಿಕ್ಕ ಎಂಜಿನ್ನಿಗೂ ಶಾಫ್ಟ್ ಮುರಿಯುವ ಶಕ್ತಿ ಇದೆ.

ಇಷ್ಟಾದರೂ ಇದು ನಿಧಾನವಾಗಿ ಬೀಳುವ ಹೊರೆಯ ಲೆಕ್ಕ. ಗಾಳಿಯಲ್ಲಿ ಗಿರ್ರನೆ ತಿರುಗುತ್ತಿದ್ದ ಗಾಲಿ ತಟ್ಟನೆ ಬಂಡೆ ಕಚ್ಚಿಕೊಂಡಾಗ ಬೀಳುವ ಪೆಟ್ಟು ಇದನ್ನೆಲ್ಲ ಮೀರಿಸುತ್ತದೆ. ಬಟನ್ ಟೈರು ಎತ್ತರ ಮಾತ್ರವಲ್ಲ, ತೂಕವೂ ಹೆಚ್ಚು. ಗಾಲಿ ಭಾರವಾದಷ್ಟೂ ಆ ಪೆಟ್ಟು ಜೋರು.

ಆಕ್ಸಲ್ ಆರಿಸುವ ಕ್ರಮ

1. ಟೈರಿನ ನಿಜವಾದ ಅಳತೆ ತಿಳಿಯಿರಿ. ಟೈರಿನ ಮೇಲೆ 245/75 ಆರ್ 16 ಎಂದಿದ್ದರೆ 245ರ ಶೇ. 75ನ್ನು ಎರಡರಿಂದ ಗುಣಿಸಿ, 16 ಇಂಚನ್ನು ಮಿ.ಮೀ.ಗೆ ತಿರುಗಿಸಿ ಕೂಡಿ. ಸುಮಾರು 774 ಮಿ.ಮೀ. ಬರುತ್ತದೆ. ನನ್ನ ಅನುಭವದಲ್ಲಿ ವ್ಯಾಸ ಶೇ. 5ರ ಒಳಗೆ ಬೆಳೆದರೆ, ಗಾಡಿ ಸುಸ್ಥಿತಿಯಲ್ಲಿದ್ದರೆ, ಮೂಲ ಆಕ್ಸಲ್ ಸಾಕು. ಶೇ. 10 ಮುಟ್ಟಿದಾಗ ಶಾಫ್ಟ್, ಜಾಯಿಂಟ್, ಬ್ರೇಕ್, ಗೇರ್ ಅನುಪಾತ ಎಲ್ಲವನ್ನೂ ಬಿಚ್ಚಿ ನೋಡಬೇಕು. ಶೇ. 15 ದಾಟಿದರೆ ಆಕ್ಸಲ್ ಬದಲಾವಣೆಗೆ ದುಡ್ಡು ಎತ್ತಿಟ್ಟುಕೊಂಡ ಮೇಲೆಯೇ ಟೈರಿನಂಗಡಿಗೆ ಹೋಗಿ.

2. ಶಾಫ್ಟಿನ ಅತಿ ಸಣ್ಣ ಜಾಗ ಅಳೆಯಿರಿ. ಇದು ಎಲ್ಲಕ್ಕಿಂತ ಮುಖ್ಯ. ತಿರುಚನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 25 ಮಿ.ಮೀ. ಶಾಫ್ಟಿಗಿಂತ 28 ಮಿ.ಮೀ. ಶಾಫ್ಟ್ ಕಣ್ಣಿಗೆ ಒಂದಿಷ್ಟೇ ದಪ್ಪ ಕಂಡರೂ ಶಕ್ತಿಯಲ್ಲಿ ಶೇ. 40ರಷ್ಟು ಮುಂದು. ಹೊರದೇಶಗಳ ಆಫ್‌ರೋಡ್ ಗಾಡಿಗಳಲ್ಲಿ ಹೆಸರಾದ ಡಾನಾ 44 ಮತ್ತು ಡಾನಾ 60 ಆಕ್ಸಲ್‌ಗಳ ವ್ಯತ್ಯಾಸವೂ ಹೀಗೆಯೇ. ಮೊದಲನೆಯದರ 30 ಹಲ್ಲಿನ ಶಾಫ್ಟ್ ಸುಮಾರು 33 ಮಿ.ಮೀ., ಎರಡನೆಯದರ 35 ಹಲ್ಲಿನದು ಸುಮಾರು 38 ಮಿ.ಮೀ. ಆ 5 ಮಿ.ಮೀ.ನಿಂದ ಶಕ್ತಿ ಒಂದೂವರೆ ಪಟ್ಟಾಗುತ್ತದೆ. ಅಳೆಯುವಾಗ ನಡುಭಾಗ ಅಳೆದು ಸಮಾಧಾನಪಡಬೇಡಿ. ಹಲ್ಲುಗಳ ಬುಡದಲ್ಲಿ, ಬೇರಿಂಗಿನ ಪಕ್ಕದಲ್ಲಿ ಎಲ್ಲಿ ಅತಿ ಸಣ್ಣದಿದೆಯೋ ಅಲ್ಲಿ ವರ್ನಿಯರ್ ಹಿಡಿಯಿರಿ. ಎರಡು ಶಾಫ್ಟ್ ಒಂದೇ ದಪ್ಪವಿದ್ದರೆ ಉಕ್ಕಿನ ಗುಣ, ಹದ ಮಾಡಿದ ರೀತಿ ತೀರ್ಮಾನಿಸುತ್ತವೆ. ಲೇತ್ ಅಂಗಡಿಯಲ್ಲಿ ಸಿಕ್ಕ ಸರಳು ಕಡೆದು ಮಾಡಿಸಿದ ಶಾಫ್ಟ್ ನೋಡಲು ಒಂದೇ ತರಹ ಇರಬಹುದು, ಹದ ಮಾಡಿರದಿದ್ದರೆ ಮೊದಲ ಬಂಡೆಯಲ್ಲೇ ಹಗ್ಗದಂತೆ ಹೊಸೆದುಕೊಳ್ಳುತ್ತದೆ.

3. ಗಾಡಿಯ ಭಾರ ಯಾರು ಹೊರುತ್ತಾರೆ ನೋಡಿ. ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಗಾಲಿ ನೇರವಾಗಿ ಶಾಫ್ಟಿನ ತುದಿಗೆ ಕೂತಿರುತ್ತದೆ. ಶಾಫ್ಟ್ ಗಾಲಿಯನ್ನು ತಿರುಗಿಸಬೇಕು, ಗಾಡಿಯ ಭಾರವನ್ನೂ ಹೊರಬೇಕು. ಅದು ಮುರಿದರೆ ಗಾಲಿಯೇ ಕಳಚಿ ಬರಬಹುದು, ಆ ಜಿಪ್ಸಿಗೆ ಆದದ್ದು ಅದೇ. ಫುಲ್ ಫ್ಲೋಟಿಂಗ್‌ನಲ್ಲಿ ಹಬ್ ಎರಡು ಬೇರಿಂಗುಗಳ ಮೇಲೆ, ಶಾಫ್ಟಿನ ಹೊರಗಿನ ಕೊಳವೆಯ, ಅಂದರೆ ಹೌಸಿಂಗಿನ ತುದಿಯಲ್ಲೇ ಕೂತಿರುತ್ತದೆ. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಮುರಿದರೂ ಗಾಲಿ ಜಾಗ ಬಿಡುವುದಿಲ್ಲ. ಗುರುತಿಸುವುದು ಸುಲಭ: ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ನಿಮ್ಮ ಪಕ್ಕ ನಿಂತ ಲಾರಿಯ ಹಿಂದಿನ ಗಾಲಿ ನೋಡಿ. ನಡುವೆ ಲೋಟ ಬೋರಲು ಹಾಕಿದಂತೆ ಹಬ್ ಹೊರಚಾಚಿದೆ, ಅದರ ಸುತ್ತ ಬೋಲ್ಟುಗಳ ಸಾಲಿದೆ. ಅದೇ ಫುಲ್ ಫ್ಲೋಟಿಂಗ್. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನ ಹಿಂದಿನ ಆಕ್ಸಲ್ ಈ ಬಗೆಯದು, ಆಮೇಲಿನ ನಾಗರಿಕ ಸಿಜೆ ಜೀಪುಗಳಲ್ಲಿ ಬಹುಪಾಲು ಸೆಮಿ ಫ್ಲೋಟಿಂಗ್. ಶೇ. 15ಕ್ಕಿಂತ ದೊಡ್ಡ ಟೈರು, ಲಾಕರ್, ಜೊತೆಗೆ ಮನೆಮಂದಿಯ ಪ್ರಯಾಣ ಮೂರೂ ಇದ್ದರೆ ಹಿಂದೆ ಫುಲ್ ಫ್ಲೋಟಿಂಗನ್ನೇ ಹಾಕಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

4. ಕ್ರೌನ್-ಪಿನಿಯನ್. ಕ್ರೌನ್ ಗೇರಿನ ವ್ಯಾಸ ದೊಡ್ಡದಿದ್ದಷ್ಟೂ ಹಲ್ಲಿನ ಮೇಲಿನ ಒತ್ತಡ ಕಡಿಮೆ. ಇಲ್ಲೇ ಅನುಪಾತದ ಲೆಕ್ಕವೂ ಬರುತ್ತದೆ. ಟೈರು ಶೇ. 18 ಬೆಳೆದರೆ ಗಾಡಿ ಆ ಮಟ್ಟಿಗೆ ಎತ್ತರದ ಗೇರಿನಲ್ಲಿ ಓಡಿದಂತೆ, ಏರಿನಲ್ಲಿ ಏದುಸಿರು ಬಿಡುತ್ತದೆ, ಕ್ಲಚ್ ಸುಡುತ್ತದೆ. ಹಳೆಯ ಅನುಪಾತವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯ ವ್ಯಾಸದಿಂದ ಭಾಗಿಸಿದರೆ ಬೇಕಾದ ಹೊಸ ಅನುಪಾತ ಸಿಗುತ್ತದೆ. 4 ಇದ್ದದ್ದು ಸುಮಾರು 4.7 ಆಗಬೇಕು. ಒಂದು ಎಚ್ಚರ: ಅನುಪಾತ ಹೆಚ್ಚಿದಂತೆ ಪಿನಿಯನ್ ಚಿಕ್ಕದಾಗುತ್ತದೆ, ಅದರ ಶಕ್ತಿ ಇಳಿಯುತ್ತದೆ. ಆದ್ದರಿಂದ ಚಿಕ್ಕ ಆಕ್ಸಲ್‌ನಲ್ಲಿ 5ರ ಮೇಲಿನ ಅನುಪಾತ ಹುಡುಕುವ ಬದಲು ದೊಡ್ಡ ಕ್ರೌನ್ ಇರುವ ಆಕ್ಸಲ್‌ಗೆ ಹೋಗುವುದು ಒಳ್ಳೆಯದು.

5. ಮುಂದಿನ ಜಾಯಿಂಟುಗಳು. ಜಿಪ್ಸಿಯಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ನಕಲ್ ಒಳಗಿನ ಸಿವಿ ಜಾಯಿಂಟ್, ಹಳೆಯ ಜೀಪುಗಳಲ್ಲಿ ಕ್ರಾಸ್, ಥಾರ್‌ನಂಥ ಸ್ವತಂತ್ರ ಸಸ್ಪೆನ್ಷನ್ ಗಾಡಿಯಲ್ಲಿ ಎರಡೂ ಬದಿಯ ಚಿಕ್ಕ ಶಾಫ್ಟುಗಳು ಮೊದಲು ಸೋಲುತ್ತವೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಜಾಯಿಂಟ್ ಅತಿ ದುರ್ಬಲ. ಥಾರ್‌ಗೆ ಎತ್ತರದ ಕಿಟ್ ಹಾಕಿಸಿದರೆ ಆ ಶಾಫ್ಟುಗಳು ನೇರ ರಸ್ತೆಯಲ್ಲೂ ಓರೆಯಾಗಿಯೇ ತಿರುಗುತ್ತವೆ, ಬೇಗ ಸವೆಯುತ್ತವೆ.

6. ಹೌಸಿಂಗ್, ಬ್ರೇಕ್. ಕೊಳವೆಯ ಗೋಡೆ ದಪ್ಪವಿರಲಿ. ಹೊರಚಾಚಿದ ರಿಮ್ಮು, ಸ್ಪೇಸರ್ ಹಾಕಿದರೆ ಬೇರಿಂಗಿನ ಮೇಲೆ ಬಾಗುವ ಬಲ ಇನ್ನೂ ಹೆಚ್ಚುತ್ತದೆ. ಇನ್ನು ಬ್ರೇಕ್. ಟೈರು ಶೇ. 18 ಬೆಳೆದರೆ ಅದೇ ದೂರದಲ್ಲಿ ನಿಲ್ಲಲು ಬ್ರೇಕೂ ಅಷ್ಟೇ ಹೆಚ್ಚು ಶ್ರಮಿಸಬೇಕು. ಕೊಳ್ಳುವ ಆಕ್ಸಲ್‌ಗೆ ದೊಡ್ಡ ಡ್ರಮ್ಮು ಅಥವಾ ಡಿಸ್ಕ್ ಇದೆಯೇ ಎಂದು ಮೊದಲೇ ಕೇಳಿ.

ಗುಜರಿಯಲ್ಲಿ ಆಕ್ಸಲ್ ಕೊಳ್ಳುವಾಗ

ಶಿವಾಜಿನಗರಕ್ಕೆ ಬೆಳಗ್ಗೆಯೇ ಹೋಗಿ, ವಾರದ ನಡುವೆ ಆದರೆ ಇನ್ನೂ ಒಳ್ಳೆಯದು. ಜೇಬಲ್ಲಿ ವರ್ನಿಯರ್, ಟೇಪು, ಟಾರ್ಚು, ಒಂದು ಹಳೇ ಬಟ್ಟೆ ಇರಲಿ. ನಿಮ್ಮ ಹಳೆಯ ಆಕ್ಸಲ್‌ನ ಅಳತೆಗಳು ಚೀಟಿಯಲ್ಲಿರಲಿ: ಒಂದು ಬದಿಯ ಗಾಲಿ ಕೂರುವ ಮುಖದಿಂದ ಇನ್ನೊಂದು ಬದಿಯವರೆಗಿನ ಅಗಲ, ಸ್ಪ್ರಿಂಗ್ ಪಟ್ಟಾ ಕೂರುವ ಎರಡು ಜಾಗಗಳ ನಡುವಿನ ದೂರ, ಡಿಫರೆನ್ಷಿಯಲ್ ಗುಂಡು ನಡುವೆ ಇದೆಯೋ ಒಂದು ಬದಿಗೋ, ಬೋಲ್ಟುಗಳ ವೃತ್ತ. ಹಳೆಯ ಜೀಪು, ಜಿಪ್ಸಿ ಎರಡಕ್ಕೂ 139.7 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟು.

ಅಂಗಡಿಯವರು ‘ಹೌಸಿಂಗ್ ಫಸ್ಟ್ ಕ್ಲಾಸ್ ಐತೆ ಸಾರ್’ ಅನ್ನುತ್ತಾರೆ. ಇರಬಹುದು. ‘ಭಾಯ್, ಶಾಫ್ಟ್ ಹೊರಗೆ ತೆಗೆದು ತೋರಿಸ್ತೀರಾ?’ ಎಂದು ಮರ್ಯಾದೆಯಿಂದ ಕೇಳಿ. ಒಳ್ಳೆಯ ಸಾಮಾನು ಇಟ್ಟವರು ಬೇಸರಿಸುವುದಿಲ್ಲ. ಶಾಫ್ಟನ್ನು ಬಟ್ಟೆಯಲ್ಲಿ ಒರೆಸಿ, ಹಲ್ಲುಗಳ ಸಾಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಗೆರೆಗಳು ನೇರವಾಗಿರಬೇಕು. ಕೂದಲೆಳೆಯಷ್ಟು ಓರೆಯಾಗಿದ್ದರೂ ಆ ಶಾಫ್ಟ್ ಆಗಲೇ ತಿರುಚಿಕೊಂಡಿದೆ, ವಾಪಸ್ ಕೊಟ್ಟುಬಿಡಿ.

ಹೌಸಿಂಗ್ ಬಾಗಿದೆಯೇ ತಿಳಿಯಲು ಎರಡೂ ತುದಿಯ ಫ್ಲ್ಯಾಂಜಿಗೆ ಒಂದೇ ಉದ್ದದ ಎರಡು ನೇರ ಪಟ್ಟಿ ಒತ್ತಿಹಿಡಿದು, ಪಟ್ಟಿಗಳ ನಡುವಿನ ದೂರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ, ಮೇಲೆ, ಕೆಳಗೆ ಅಳೆಯಿರಿ. ಅಳತೆಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಆ ಹೌಸಿಂಗ್ ಬೇಡ. ಅನುಪಾತ ತಿಳಿಯಲು ಒಂದು ಬದಿಯ ಫ್ಲ್ಯಾಂಜನ್ನು ಅಲುಗದಂತೆ ಹಿಡಿಸಿ, ಇನ್ನೊಂದು ಬದಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪಿನಿಯನ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಲಾಕರ್ ಇದ್ದರೆ ಈ ಉಪಾಯ ನಡೆಯದು, ಆಗ ಹಲ್ಲು ಎಣಿಸಿ ಭಾಗಿಸಬೇಕು.

ಒಳಗಿನ ಎಣ್ಣೆಯನ್ನು ಬೆರಳಲ್ಲಿ ತೆಗೆದು ಬಿಸಿಲಿಗೆ ಹಿಡಿಯಿರಿ. ಬೆಳ್ಳಿಪುಡಿಯಂತೆ ಮಿನುಗಿದರೆ ಬೇರಿಂಗೋ ಹಲ್ಲೋ ಸವೆದಿದೆ. ಹಾಲು ಬೆರೆಸಿದಂತಿದ್ದರೆ ನೀರು ಹೊಕ್ಕಿದೆ. ಕ್ರೌನ್ ಹಲ್ಲುಗಳು ನೀಲಿಗಟ್ಟಿದ್ದರೆ ಎಣ್ಣೆಯಿಲ್ಲದೆ ಕಾದಿವೆ. ಕ್ರೌನ್, ಪಿನಿಯನ್ ಜೋಡಿಯಾಗಿಯೇ ಉಜ್ಜಿ ಹೊಂದಿಸಿದವು. ಎರಡರ ಮೇಲೂ ಗೀಚಿದ ಜೋಡಿ ಸಂಖ್ಯೆ ಒಂದೇ ಆಗಿರಬೇಕು. ಬಿಲ್ ಕೇಳಿ ತೆಗೆದುಕೊಳ್ಳಿ. ಬಿಲ್ ಕೊಡದ ಕಡೆ, ಎಷ್ಟೇ ಅಗ್ಗವಾದರೂ, ಕೊಳ್ಳಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಿಂದಿನ ಆಕ್ಸಲ್ ಒಂದನ್ನೇ ಬದಲಿಸಿ, ಮುಂದಿನದರ ಅನುಪಾತ ಹಾಗೇ ಬಿಡುವುದು ಬಹಳ ದುಬಾರಿ ತಪ್ಪು. ಫೋರ್‌ವೀಲ್ ಹಾಕಿದ ಕೂಡಲೇ ಮುಂದಿನ, ಹಿಂದಿನ ಗಾಲಿಗಳು ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಎರಡೂ ಆಕ್ಸಲ್‌ಗಳ ಅನುಪಾತ ಒಂದೇ ಇರಲೇಬೇಕು.

ಶಾಫ್ಟ್ ಮಾತ್ರ ದಪ್ಪದ್ದು ಹಾಕಿಸಿ ಸುಮ್ಮನಾಗುವುದು ಇನ್ನೊಂದು. ಆಗ ಪೆಟ್ಟು ಮುಂದಿನ ದುರ್ಬಲ ಭಾಗಕ್ಕೆ, ಅಂದರೆ ಕ್ರೌನಿಗೋ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರುಗಳಿಗೋ ಹೋಗುತ್ತದೆ. ಮುರಿದ ಶಾಫ್ಟನ್ನು ಕಾಡಿನಲ್ಲೇ ಬದಲಿಸಬಹುದು, ಮುರಿದ ಕ್ರೌನನ್ನು ಆಗುವುದಿಲ್ಲ.

ಹೌಸಿಂಗಿಗೆ ಬಲ ಬರಲೆಂದು ಉದ್ದಕ್ಕೂ ಒಂದೇ ಸಮನೆ ವೆಲ್ಡಿಂಗ್ ಮಾಡಿಸುತ್ತಾರೆ. ಆ ಕಾವಿಗೆ ಕೊಳವೆಯೇ ಬಾಗುತ್ತದೆ. ಬೆಸುಗೆ ಹಾಕಿಸಲೇಬೇಕಿದ್ದರೆ ಚಿಕ್ಕ ಚಿಕ್ಕ ತುಂಡುಗಳಾಗಿ, ಎರಡೂ ಬದಿಗೆ ಸರದಿಯಲ್ಲಿ, ನಡುನಡುವೆ ಆರಲು ಬಿಟ್ಟು ಹಾಕುವ ಮೇಸ್ತ್ರಿಯ ಹತ್ತಿರ ಹೋಗಿ. ನಡುವಿನ ಗುಂಡು ಎರಕದ ಕಬ್ಬಿಣದ್ದಾದರೆ ಮುಂಚೆ ಕಾಯಿಸದೆ ಮುಟ್ಟಕೂಡದು, ಸೀಳುತ್ತದೆ.

ಕಾನೂನನ್ನು ಕಡೆಗಣಿಸುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ಭಿನ್ನವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ನಿಮ್ಮದು ಇಂದಿರಾನಗರದ ಕೆಎ-03 ಗಾಡಿಯಾಗಲಿ, ಕೆ.ಆರ್.ಪುರದ ಕೆಎ-53 ಆಗಲಿ, ಕೆಲಸ ಶುರುಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ ಲಿಖಿತವಾಗಿ ಕೇಳಿ. ಅಪಘಾತವಾದ ಮೇಲೆ ವಿಮೆಯವರು ಮೊದಲು ನೋಡುವುದು ಇಂಥ ಬದಲಾವಣೆಗಳನ್ನೇ. ಅನುಮತಿ ಸಿಗದಿದ್ದರೆ ಬದಲಿಸಿದ ಗಾಡಿಯನ್ನು ರಸ್ತೆಗಿಳಿಸಬೇಡಿ. ಮೈದಾನಕ್ಕೆ ಮಾತ್ರ ಎಂದಾದರೆ ಟ್ರೇಲರಿನ ಮೇಲೆ ಒಯ್ಯಿರಿ.

ಬದಲಿಸಲೇಬೇಕೇ?

ಹಲವರಿಗೆ ಬೇಡ. ಕಂಪನಿ ಅಳತೆಯ ಒಳ್ಳೆಯ ಟೈರು ಹಾಕಿ, ಕಲ್ಲುದಾರಿ ಶುರುವಾಗುವಲ್ಲಿ ಗಾಳಿಯನ್ನು 18-20 ಪೌಂಡಿಗೆ ಇಳಿಸಿ ನೋಡಿ. ಟೈರು ಹರಡಿಕೊಂಡು ಬಂಡೆಯನ್ನು ತಬ್ಬಿ ಹಿಡಿಯುತ್ತದೆ, ಗಾಲಿ ಸುಮ್ಮನೆ ತಿರುಗುವುದು ಕಡಿಮೆಯಾಗುತ್ತದೆ, ಶಾಫ್ಟಿಗೆ ಬೀಳುವ ಪೆಟ್ಟೂ ಮೆತ್ತಗಾಗುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಿಕೊಳ್ಳಿ, ಕಡಿಮೆ ಗಾಳಿಯಲ್ಲಿ ವೇಗ ಹೋಗುವುದು ಪ್ರಾಣಕ್ಕೆ ಅಪಾಯ. ಒಂದು ಚಿಕ್ಕ ಕಂಪ್ರೆಸರಿನ ಬೆಲೆ ಒಂದು ಆಕ್ಸಲ್‌ನ ಬೆಲೆಯ ಮುಂದೆ ಏನೂ ಅಲ್ಲ. ಎರಡೂ ಆಕ್ಸಲ್‌ಗಳಲ್ಲಿ ಕಂಪನಿಯೇ ಲಾಕ್ ಕೊಡುವ ಫೋರ್ಸ್ ಗೂರ್ಖಾದಂಥ ಗಾಡಿ ಇದ್ದರಂತೂ ದೊಡ್ಡ ಟೈರಿಗೆ ಆಸೆಪಡುವ ಮೊದಲು ಆ ಲಾಕನ್ನು ಸರಿಯಾಗಿ ಬಳಸುವುದು ಕಲಿಯಿರಿ.

ಹಾಕಿಸಿದ ಮೇಲೆ

ಹೊಸ ಕ್ರೌನ್-ಪಿನಿಯನ್ ಹಾಕಿಸಿದ ದಿನ 25-30 ಕಿ.ಮೀ. ನಿಧಾನಕ್ಕೆ ಓಡಿಸಿ, ಪೂರ್ತಿ ಆರಲು ಬಿಡಿ. ಮೊದಲ 500 ಕಿ.ಮೀ.ವರೆಗೆ ಭಾರ ಹೇರಬೇಡಿ, ಆಮೇಲೆ ಎಣ್ಣೆ ಬದಲಿಸಿ. ಪ್ರತಿ ಪ್ರಯಾಣದಲ್ಲಿ ನಿಲ್ಲಿಸಿದಾಗೊಮ್ಮೆ ಹಬ್ಬುಗಳನ್ನು ಅಂಗೈಯಿಂದ ಮೆಲ್ಲಗೆ ಮುಟ್ಟಿ ಹೋಲಿಸಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಿದ್ದರೆ ಅಲ್ಲಿ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿಯುತ್ತಿದೆ. ಆಕ್ಸಲ್‌ನ ಉಸಿರುಕೊಳವೆಗೆ ಉದ್ದದ ಪೈಪು ಹಾಕಿಸಿ ಬಾನೆಟ್ಟಿನ ಎತ್ತರಕ್ಕೆ ಕಟ್ಟಿಸಿ. ಕಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಸೀಲಿನ ಸಂದಿಯಿಂದ ಎಳೆದುಕೊಳ್ಳುತ್ತದೆ. ನೀರು ದಾಟಿ ಬಂದ ವಾರದಲ್ಲೇ ಪ್ಲಗ್ ಬಿಚ್ಚಿ ಎಣ್ಣೆಯ ಬಣ್ಣ ನೋಡಿ.

ಗಾಡಿಯಲ್ಲಿ ಎರಡೂ ಬದಿಯ ಒಂದೊಂದು ಶಾಫ್ಟ್, ಸೀಲು, ಸರ್ಕ್ಲಿಪ್ಪು, ಒಂದು ಲೀಟರ್ ಗೇರ್ ಎಣ್ಣೆ ಇರಲಿ. ಹಲವು ಗಾಡಿಗಳಲ್ಲಿ ಎಡದ ಶಾಫ್ಟ್, ಬಲದ ಶಾಫ್ಟ್ ಒಂದೇ ಉದ್ದವಿರುವುದಿಲ್ಲ. ಯಾವುದು ಯಾವ ಬದಿಯದು ಎಂದು ಬಣ್ಣದಲ್ಲಿ ಬರೆದಿಡಿ. ಆ ದಿನ ಕ್ವಾರಿಯಲ್ಲಿ ನಮ್ಮ ಹತ್ತಿರ ಇದ್ದದ್ದು ಎಡಗಡೆಯದು ಮಾತ್ರ. ಬಲದ ಶಾಫ್ಟಿಗಾಗಿ ಹೊಸಕೋಟೆಯ ತನಕ ಬೈಕಿನಲ್ಲಿ ಬಂದು, ಅಲ್ಲಿ ಸಿಗದೆ ಶಿವಾಜಿನಗರಕ್ಕೆ ಬಂದು, ಕತ್ತಲಾದ ಮೇಲೆ ಹಿಂತಿರುಗಿದೆವು.